ಸರಕಿನ ಛಾಯಾಚಿತ್ರಕ್ಕೆ ಮೊದಲ ಲೆನ್ಸ್: ಕೊಳ್ಳುವ ಮುನ್ನ

ಚನ್ನಪಟ್ಟಣದ ಬೊಂಬೆ ತಯಾರಕರಾಗಲಿ, ಇಳಕಲ್ ಸೀರೆಯ ವರ್ತಕರಾಗಲಿ, ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಘಟಕದವರಾಗಲಿ, ಇಂದು ತಮ್ಮ ಸರಕಿನ ಛಾಯಾಚಿತ್ರವನ್ನು ಗ್ರಾಹಕರಿಗೆ ಒದಗಿಸದೆ ವ್ಯವಹಾರ ನಡೆಸುವುದು ಕಷ್ಟ. ಪ್ರತಿಯೊಂದು ಹೊಸ ಮಾದರಿಗೂ ಛಾಯಾಗ್ರಾಹಕರನ್ನು ಕರೆಸುವುದು ದುಬಾರಿಯಾದ್ದರಿಂದ ಅನೇಕರು ಲೆನ್ಸ್ ಬದಲಾಯಿಸಬಹುದಾದ ಡಿಜಿಟಲ್ ಕ್ಯಾಮೆರಾವನ್ನು ತಾವೇ ಕೊಳ್ಳುತ್ತಾರೆ. ಕ್ಯಾಮೆರಾದ ಆಯ್ಕೆಯಲ್ಲಿ ದೊಡ್ಡ ತಪ್ಪು ಆಗುವುದು ವಿರಳ. ಹಣ ಪೋಲಾಗುವುದು ಲೆನ್ಸ್‌ನಲ್ಲಿ.

ಮಾರಾಟಗಾರರಿಂದ ಸಾಮಾನ್ಯವಾಗಿ ಎರಡು ಸಲಹೆಗಳು ದೊರೆಯುತ್ತವೆ. ಕ್ಯಾಮೆರಾದೊಂದಿಗೆ ಬರುವ 18–55 ಮಿ.ಮೀ. ಕಿಟ್ ಲೆನ್ಸ್ ಬೇಡ, 50 ಮಿ.ಮೀ. ಎಫ್ 1.8 ಕೊಳ್ಳಿರಿ ಎಂಬುದು ಮೊದಲನೆಯದು. ದೂರದ ದೃಶ್ಯಕ್ಕೆಂದು 55–250 ಮಿ.ಮೀ. ಲೆನ್ಸನ್ನೂ ಸೇರಿಸಿಕೊಂಡು ಜೋಡಿಯಾಗಿಯೇ ಕೊಳ್ಳಿರಿ ಎಂಬುದು ಎರಡನೆಯದು. ಮೇಜಿನ ಮೇಲೆ ಸರಕನ್ನಿಟ್ಟು ಚಿತ್ರ ತೆಗೆಯುವವರಿಗೆ ಇವೆರಡೂ ಅಷ್ಟಾಗಿ ಒಪ್ಪುವ ಸಲಹೆಗಳಲ್ಲ. ದೂರದ ಲೆನ್ಸ್ ಅಂತೂ ಮದುವೆ, ಪ್ರವಾಸಗಳಲ್ಲಿ ಬಳಕೆಯಾಗಿ ಉಳಿದ ದಿನ ಕಪಾಟಿನಲ್ಲಿ ಕೂರುತ್ತದೆ.

ಲೆನ್ಸ್‌ನ ಮೇಲಿನ ಮಿ.ಮೀ. ಸಂಖ್ಯೆ ಅದರ ಸಂಗಮದೂರವನ್ನು ಸೂಚಿಸುತ್ತದೆ. ಸಂಖ್ಯೆ ಕಡಿಮೆಯಾದಂತೆ ನೋಟ ಅಗಲವಾಗುತ್ತದೆ. 18ರಲ್ಲಿ ಹತ್ತಿರ ಹೋಗಿ ತೆಗೆದರೆ ಬೊಂಬೆಯ ಮೂಗು ಉಬ್ಬಿ ಕಾಣುವುದರಿಂದ, ಸರಕಿಗೆ 40ರಿಂದ 55ರ ತುದಿಯೇ ಲೇಸು. ಎಫ್ ಸಂಖ್ಯೆಯು ಬೆಳಕು ಒಳಬರುವ ರಂಧ್ರದ ಅಳತೆ. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ರಂಧ್ರ ದೊಡ್ಡದು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8ರಲ್ಲಿ ಸುಮಾರು ಒಂಬತ್ತೂವರೆ ಪಟ್ಟು ಬೆಳಕು ಒಳಬರುತ್ತದೆ. 50 ಮಿ.ಮೀ. ಲೆನ್ಸ್‌ನ ಕೀರ್ತಿಗೆ ಇದೇ ಆಧಾರ. ಆದರೆ ರಂಧ್ರ ದೊಡ್ಡದಾದಂತೆ ಸ್ಪಷ್ಟವಾಗಿ ಮೂಡುವ ಆಳ ಕಿರಿದಾಗುತ್ತದೆ. ಕುದುರೆ ಬೊಂಬೆಯ ಮುಖ ಸ್ಫುಟವಾಗಿ, ಬಾಲ ಮಸುಕಾಗುತ್ತದೆ. ಗ್ರಾಹಕ ಇಡೀ ವಸ್ತುವನ್ನು ನೋಡಬಯಸುವುದರಿಂದ ಎಫ್ 8ರ ಸುಮಾರಿನಲ್ಲೇ ತೆಗೆಯಬೇಕಾಗುತ್ತದೆ. ಎಫ್ 8ರಲ್ಲಿ ಕಿಟ್ ಲೆನ್ಸ್ ಸಹ ತೃಪ್ತಿಕರವಾಗಿಯೇ ಕೆಲಸ ಮಾಡುತ್ತದೆ. ಕಡಿಮೆಯಾದ ಬೆಳಕನ್ನು ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು ಅರ್ಧ ಸೆಕೆಂಡ್ ಹೆಚ್ಚು ಕಾದು ತುಂಬಿಸಿಕೊಳ್ಳಬಹುದು, ಬೊಂಬೆ ಅಲುಗಾಡುವುದಿಲ್ಲವಷ್ಟೆ.

ಸಣ್ಣ ಸರಕಿನವರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಲೆನ್ಸ್‌ನ ವಿವರಪಟ್ಟಿಯಲ್ಲಿ ಗರಿಷ್ಠ ವರ್ಧನೆ ಎಂಬ ಸಂಖ್ಯೆ ಇರುತ್ತದೆ. ಅದನ್ನು ಕೇಳುವವರು ಕಡಿಮೆ. 2015ರಲ್ಲಿ ಬಂದ ಕ್ಯಾನನ್ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಲೆನ್ಸ್‌ಗೆ ಅದು 0.21, 2013ರ 18–55 ಎಸ್‌ಟಿಎಂ ಕಿಟ್ ಲೆನ್ಸ್‌ಗೆ 0.36. ಆ ಸಂಸ್ಥೆಯ ಆರಂಭಿಕ ಕ್ಯಾಮೆರಾಗಳ ಸಂವೇದಕದ ಅಗಲ ಸುಮಾರು 22.3 ಮಿ.ಮೀ. ಭಾಗಿಸಿ ನೋಡಿದರೆ, ಕಿಟ್ ಲೆನ್ಸ್ 6.2 ಸೆಂ.ಮೀ. ಅಗಲದ ವಸ್ತುವಿನಿಂದ ಚೌಕಟ್ಟನ್ನು ತುಂಬಬಲ್ಲದು, 50 ಮಿ.ಮೀ. ಲೆನ್ಸ್‌ಗೆ 10.6 ಸೆಂ.ಮೀ. ಬೇಕು. ಅಂದರೆ ಉಂಗುರ, ಸ್ಕ್ರೂ, ಗುಂಡಿಗಳ ವಿಷಯದಲ್ಲಿ ಪ್ರತ್ಯೇಕವಾಗಿ ಹಣ ತೆತ್ತು ತಂದ ಲೆನ್ಸೇ ಹಿಂದೆ ಬೀಳುತ್ತದೆ. ಹೆಸರನ್ನು ಮಾತ್ರ ನಂಬಿ ಕೊಳ್ಳಲೂ ಆಗದು: 2017ರಲ್ಲಿ ಬಂದ ಅದೇ 18–55ರ ಹೊಸ ಆವೃತ್ತಿಯಲ್ಲಿ ಈ ಸಂಖ್ಯೆ 0.25ಕ್ಕೆ ಇಳಿದಿದೆ. ಸರಕೆಲ್ಲವೂ ಆಭರಣದಷ್ಟು ಚಿಕ್ಕದಾಗಿದ್ದರೆ ಮ್ಯಾಕ್ರೋ ಲೆನ್ಸನ್ನೇ ಮೊದಲು ಕೊಳ್ಳುವುದು ನ್ಯಾಯ. ನಿಕಾನ್‌ನ 40 ಮಿ.ಮೀ. ಎಫ್ 2.8 ಮೈಕ್ರೋ ಲೆನ್ಸ್‌ನ ವರ್ಧನೆ 1, ಎರಡೂವರೆ ಸೆಂ.ಮೀ.ಗಿಂತ ಚಿಕ್ಕ ವಸ್ತುವೂ ಅದರಲ್ಲಿ ಚೌಕಟ್ಟು ತುಂಬುತ್ತದೆ.

50 ಮಿ.ಮೀ. ಲೆನ್ಸ್ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಮಗ್ಗದ ಮುಂದೆ ಕೆಲಸದಲ್ಲಿರುವ ನೇಕಾರರನ್ನು ಮಂದ ಬೆಳಕಿನಲ್ಲಿ ತೆಗೆಯಲು ಅದೇ ಯೋಗ್ಯ. ಸೀರೆ ಉಟ್ಟ ರೂಪದರ್ಶಿಯನ್ನು ತೆಗೆಯುವವರು ಮಾತ್ರ ಕೋಣೆಯ ಉದ್ದವನ್ನು ಮೊದಲು ಅಳೆಯಬೇಕು. ಅಡಿಯಿಂದ ಮುಡಿಯವರೆಗೆ ಚೌಕಟ್ಟಿನಲ್ಲಿ ಸೇರಿಸಲು ಆರಂಭಿಕ ಕ್ಯಾಮೆರಾದಲ್ಲಿ 50 ಮಿ.ಮೀ.ಗೆ ಸುಮಾರು 14 ಅಡಿ, 35 ಮಿ.ಮೀ.ಗೆ ಸುಮಾರು 10 ಅಡಿ ಹಿಂದೆ ಸರಿಯಬೇಕಾಗುತ್ತದೆ. ಹನ್ನೆರಡು ಅಡಿಯ ಮಳಿಗೆಯಲ್ಲಿ ಗೋಡೆ ಅಡ್ಡ ಬರುತ್ತದೆ.

ಹಳೆಯ ಲೆನ್ಸ್ ಅಗ್ಗವಾಗಿ ದೊರೆತಾಗ ಹೊಂದಾಣಿಕೆಯನ್ನು ಪರೀಕ್ಷಿಸುವುದು ಅಗತ್ಯ. ನಿಕಾನ್‌ನ 50 ಮಿ.ಮೀ. ಎಫ್ 1.8ಡಿ ಲೆನ್ಸ್‌ನೊಳಗೆ ಮೋಟಾರ್ ಇಲ್ಲ. ಆದ್ದರಿಂದ ಡಿ3500, ಡಿ5600ರಂತಹ ಕ್ಯಾಮೆರಾಗಳಲ್ಲಿ ಅದು ತಾನಾಗಿ ಫೋಕಸ್ ಮಾಡುವುದಿಲ್ಲ. 2018ರಿಂದ ಈ ಎರಡೂ ಸಂಸ್ಥೆಗಳ ಪೂರ್ಣಗಾತ್ರದ ಮಿರರ್‌ಲೆಸ್ ಕ್ಯಾಮೆರಾಗಳು ಬೇರೆ ಜೋಡಣೆಯೊಂದಿಗೆ ಬಂದಿದ್ದು, ಹಳೆಯ ಲೆನ್ಸ್‌ಗಳನ್ನು ಅವಕ್ಕೆ ತೊಡಿಸಲು ಅಡಾಪ್ಟರ್ ಪ್ರತ್ಯೇಕ ಖರ್ಚು. ಬಳಸಿದ ಲೆನ್ಸ್‌ನೊಳಗೆ ಟಾರ್ಚ್ ಹಾಯಿಸಿ ನೋಡಿದರೆ ಜೇಡರ ಬಲೆಯಂತಹ ಎಳೆಗಳು ಕಂಡಲ್ಲಿ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ.

ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಆಮದು ಲೆನ್ಸ್‌ನ ಲೆಕ್ಕವನ್ನೂ ಪೂರ್ತಿಯಾಗಿ ಹಾಕಬೇಕು. ವ್ಯವಹಾರಕ್ಕಾಗಿ ಕೊಂಡ ಲೆನ್ಸ್ ಬಂಡವಾಳ ಸರಕು. ನೋಂದಾಯಿತ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲು ಪಡೆದಿದ್ದರೆ, ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಅವಕಾಶವಿದೆ. ಆದರೆ 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 16(3)ನೇ ಪ್ರಕರಣದಂತೆ, ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ತೋರಿಸಿದವರಿಗೆ ಆ ಜಮೆ ದೊರೆಯದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ಈ ಸೌಲಭ್ಯವಿಲ್ಲ. ಮೇಲಾಗಿ, ಆದಾಯ ತೆರಿಗೆಯಲ್ಲಿ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟು ಆಸ್ತಿ ಕೊಂಡರೆ ಆ ಮೊತ್ತದ ಮೇಲೆ ಸವಕಳಿ ಸಿಗುವುದಿಲ್ಲ. ಖಾತರಿಯೂ ಇಲ್ಲ, ಜಮೆಯೂ ಇಲ್ಲ, ಸವಕಳಿಯೂ ಇಲ್ಲ ಎಂದಾಗ ಉಳಿಯಿತೆಂದುಕೊಂಡ ಹಣ ಎಷ್ಟು ಉಳಿಯಿತೆಂಬುದನ್ನು ಗಣಕಯಂತ್ರವಿಲ್ಲದೆಯೂ ಹೇಳಬಹುದು.

ಎರಡನೆಯ ಲೆನ್ಸ್‌ಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಒಂದು ಗಟ್ಟಿಮುಟ್ಟಾದ ಟ್ರೈಪಾಡ್, ಎರಡು ದೀಪ ಮತ್ತು ದೀಪದ ಮುಂದೆ ಕಟ್ಟಲು ಬಿಳಿ ಬಟ್ಟೆ ಕೊಳ್ಳುವುದು ಒಳಿತು. ಚನ್ನಪಟ್ಟಣದ ಅರಗಿನ ಹೊಳಪಾಗಲಿ, ಬಿದರಿ ಕಲೆಯ ಕಪ್ಪು ಮೈಯಾಗಲಿ ದೀಪದ ನೇರ ಬೆಳಕಿಗೆ ಬಿಳಿ ಚುಕ್ಕೆಗಳಾಗಿ ಮಿನುಗುತ್ತದೆ. ಯಾವ ಬೆಲೆಯ ಲೆನ್ಸ್ ಹಾಕಿದರೂ ಆ ಚುಕ್ಕೆ ಹೋಗುವುದಿಲ್ಲ, ಬಟ್ಟೆಯ ಹಿಂದಿನಿಂದ ಹಾಯ್ದು ಬಂದ ಬೆಳಕಿನಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಲೆನ್ಸನ್ನು ಚರ್ಮದ ಚೀಲದಲ್ಲಿಡದೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡತಕ್ಕದ್ದು.