ಕತ್ತರಿಗೂ ಒಂದು ಎಲ್ಲೆ

ನಮ್ಮ ನುಡಿಯಲ್ಲಿ ‘ಹಡಪ’ ಎಂಬುದೊಂದು ಹಳೆಯ ಮಾತು. ಎಲೆಯಡಿಕೆಯ ಚೀಲಕ್ಕೂ ಹಡಪವೆನ್ನುವರು. ಕ್ಷೌರಿಕನು ಕತ್ತಿ, ಕತ್ತರಿ, ಬಾಚಣಿಗೆಗಳನ್ನು ಇಟ್ಟುಕೊಳ್ಳುವ ಚೀಲಕ್ಕೂ ಹಡಪವೆನ್ನುವರು. ಹಿಂದೆ ಅದೇ ಚೀಲದ ಕತ್ತಿ ಕುರುವನ್ನೂ ಕೊಯ್ಯುತ್ತಿತ್ತು. ಚೆಲುವನ್ನು ತಿದ್ದುವ ಕೈಯೇ ಗಾಯಕ್ಕೂ ಮದ್ದು ಮಾಡುತ್ತಿದ್ದ ಕಾಲ ಅದು. ಇದು ನಮ್ಮಲ್ಲಿ ಮಾತ್ರವಲ್ಲ. ಲಂಡನ್ನಿನ ಕ್ಷೌರಿಕರೂ ಶಸ್ತ್ರವೈದ್ಯರೂ 1540ರಲ್ಲಿ ಒಂದೇ ಸಂಘವಾಗಿ ಕೂಡಿ, 1745ರಲ್ಲಿ ಬೇರೆಯಾದರು. ಎರಡು ಕಸುಬುಗಳ ನಡುವೆ ಅಂದು ಬಿದ್ದ ಗೆರೆ ಇಂದಿಗೂ ಮುಖ್ಯವಾದದ್ದು.

ದೇವಸಮುದ್ರದಂತಹ ಹೋಬಳಿ ಊರಿನಲ್ಲಿ ಹೆಣ್ಣುಮಗಳೊಬ್ಬಳು ಕೆಲವು ತಿಂಗಳು ಕೆಲಸ ಕಲಿತು, ಮನೆಯ ಮುಂಗೋಣೆಯಲ್ಲಿ ಬ್ಯೂಟಿ ಪಾರ್ಲರ್ ತೆರೆಯಬೇಕೆಂದಿರುವಳೆಂದು ಭಾವಿಸಿ. ಆಕೆಗೆ ಯಾರ ಅಪ್ಪಣೆ ಬೇಕು? ಆಕೆ ಏನು ಮಾಡಬಹುದು, ಏನು ಮಾಡಬಾರದು?

ಅಮೆರಿಕೆಯ ಮಿನೆಸೋಟ ಸಂಸ್ಥಾನವು 1897ರಲ್ಲಿಯೇ ಕ್ಷೌರಿಕರಿಗೆ ಪರವಾನಗಿಯ ಕಾನೂನು ಮಾಡಿತು. ಅಲ್ಲಿ ಪರವಾನಗಿ ಕೊಡುವುದು ಕೆಲಸ ಮಾಡುವ ವ್ಯಕ್ತಿಗೆ. ನಮ್ಮಲ್ಲಿ ಹಾಗಲ್ಲ. ಸೌಂದರ್ಯ ವೃತ್ತಿಯವರಿಗೆ ಪರೀಕ್ಷೆ ನಡೆಸಿ, ಪಟ್ಟಿಯಲ್ಲಿ ಹೆಸರು ಬರೆದುಕೊಂಡು ಅಪ್ಪಣೆ ಕೊಡುವ ಕಾನೂನು ಕರ್ನಾಟಕದಲ್ಲಿ ಇಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಕಾಸ್ಮೆಟಾಲಜಿ ಕಲಿತವರಿಗೆ ಪ್ರಮಾಣಪತ್ರ ದೊರೆಯುತ್ತದೆ. ಅದು ಕಲಿಕೆಗೆ ಸಾಕ್ಷಿ, ಅಪ್ಪಣೆಯ ಚೀಟಿಯಲ್ಲ.

ಹಾಗಾದರೆ ನಮ್ಮಲ್ಲಿ ಅಪ್ಪಣೆ ಬೇಕಾದದ್ದು ಯಾವುದಕ್ಕೆ? ಅಂಗಡಿಗೆ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯೂ ಪಟ್ಟಣದಲ್ಲಿ ಪುರಸಭೆ ಮೊದಲಾದವೂ ವ್ಯಾಪಾರದ ಪರವಾನಗಿ ಕೊಡುತ್ತವೆ. 1961ರ ಕರ್ನಾಟಕ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ಅನ್ವಯವಾಗುವ ಊರುಗಳಲ್ಲಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿಯೂ ಬೇಕು. ಆದರೆ ಇವು ಯಾವುವೂ ಒಳಗೆ ಕೆಲಸ ಮಾಡುವ ಕೈಯ ನೈಪುಣ್ಯವನ್ನು ಪರೀಕ್ಷಿಸುವುದಿಲ್ಲ. ಗೋಡೆಯ ಮೇಲೆ ಪರವಾನಗಿ ತೂಗಿದೆಯೆಂದ ಮಾತ್ರಕ್ಕೆ ಕೆಲಸದಲ್ಲಿ ಕುಶಲತೆಯಿದೆಯೆಂದು ವಾಚಕರು ತಿಳಿಯಬಾರದು.

ಕಸುಬಿನ ಎಲ್ಲೆಯನ್ನು ಹಾಕುವುದು ಬೇರೆ ಕಾನೂನುಗಳು. ಕೂದಲು ಕತ್ತರಿಸುವುದು, ಹುಬ್ಬು ತಿದ್ದುವುದು, ಮುಖಕ್ಕೆ ಲೇಪ ಹಚ್ಚುವುದು, ಮದುಮಗಳ ಅಲಂಕಾರ ಮಾಡುವುದು ಇವೆಲ್ಲ ಪಾರ್ಲರಿನ ಕೆಲಸ. ಸೂಜಿಯಿಂದ ಚರ್ಮದೊಳಕ್ಕೆ ಔಷಧಿ ಸೇರಿಸುವುದು, ಮಚ್ಚೆ ಕೊಯ್ಯುವುದು, ತಲೆಗೆ ಕೂದಲು ನೆಡುವುದು ವೈದ್ಯರ ಕೆಲಸ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ ಮೇರೆಗೆ, ನೋಂದಾಯಿತ ವೈದ್ಯರಲ್ಲದವರು ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಎರಡನೆಯ ಎಲ್ಲೆ ಡಬ್ಬಿಯೊಳಗಿನದು. ಮುಖ ಬೆಳ್ಳಗಾಗಲೆಂದು ಕೆಲವರು ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುತ್ತಾರೆ. ಮೊದಮೊದಲು ಬಣ್ಣ ತಿಳಿಯಾದಂತೆ ಕಾಣುತ್ತದೆ. ಬರುಬರುತ್ತ ಚರ್ಮ ತೆಳುವಾಗಿ, ಕೆಂಪಡರಿ, ಬಿಸಿಲಿಗೆ ಉರಿಯತೊಡಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅವು ಮದ್ದು, ಸಿಂಗಾರದ ಸಾಮಗ್ರಿಯಲ್ಲ. ಕೂದಲಿನ ಕಪ್ಪು ಬಣ್ಣದಲ್ಲಿರುವ ಪ್ಯಾರಾ ಫೆನಿಲಿನ್ ಡಯಮೀನ್ ಕೆಲವರ ಮೈಗೆ ಒಗ್ಗದು. ಆದುದರಿಂದಲೇ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ 24 ಗಂಟೆ ನೋಡಬೇಕು. ಹುಬ್ಬಿಗೂ ರೆಪ್ಪೆಗೂ ಹಚ್ಚಲೇಬಾರದು. ಪ್ಯಾಕೆಟ್ಟಿನ ಮೇಲೆ ಈ ಬಗೆಯ ಎಚ್ಚರಿಕೆ ಅಚ್ಚಾಗಿರಬೇಕೆಂದು ನಿಯಮವೇ ಇದೆ. ಓದುವವರು ಮಾತ್ರ ಕಡಿಮೆ!

ಎಲ್ಲೆಯು ಮೈಯನ್ನು ಕಾಯುವುದಾದರೆ ಒಳ್ಳೆಯದು. ಆದರೆ ಅನ್ನವನ್ನು ಕಸಿಯುವ ಎಲ್ಲೆಗಳೂ ಉಂಟು. ಮುಂಬಯಿಯ ಚಲನಚಿತ್ರ ಪ್ರಸಾಧನ ಕಲಾವಿದರ ಸಂಘವೊಂದು ಬಹುಕಾಲ ಮುಖಕ್ಕೆ ಬಣ್ಣ ಹಚ್ಚುವ ಕೆಲಸವನ್ನು ಗಂಡಸರಿಗೆ ಮಾತ್ರ ಮೀಸಲಿಟ್ಟು, ಹೆಂಗಸರಿಗೆ ಕೇಶಾಲಂಕಾರವೊಂದನ್ನೇ ಬಿಟ್ಟಿತ್ತು. ಚಾರು ಖುರಾನಾ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 2014ರ ನವೆಂಬರ್ 10ರಂದು ನ್ಯಾಯಾಲಯವು ಆ ನಿಯಮವನ್ನು ರದ್ದು ಮಾಡಿತು. ಮುಂದೆ ನಮ್ಮಲ್ಲಿಯೂ ಪರವಾನಗಿಯ ಕಾನೂನು ಬರುವುದಾದರೆ ಈ ಪಾಠವನ್ನು ಮರೆಯಬಾರದು. ಬ್ಲೇಡು ಹೊಸದೇ, ಕೈ ತೊಳೆದಿದೆಯೇ ಎಂದು ಕೇಳುವ ಕಾನೂನು ಬೇಕು. ಹಳ್ಳಿಯ ಹುಡುಗಿಗೆ ಕಟ್ಟಲಾಗದ ಶುಲ್ಕ ವಿಧಿಸಿ ಬಾಗಿಲು ಮುಚ್ಚುವ ಕಾನೂನು ಬೇಡ.

ಪಟ್ಟಿಯಲ್ಲಿ ಹೆಸರಿರುವುದರಿಂದ ಲಾಭವೂ ಉಂಟು. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿ, ರಾಜ್ಯ ಸರ್ಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಸಾರಿತು. ಕೇಂದ್ರವು 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರ ಹೆಸರಿದೆ. ಬ್ಯೂಟಿ ಪಾರ್ಲರಿನವರ ಹೆಸರು ಪ್ರತ್ಯೇಕವಾಗಿ ಇಲ್ಲ. ಅದೇ ಕತ್ತರಿ, ಅದೇ ದುಡಿಮೆ. ಆದರೂ ಹೆಸರಿಲ್ಲದವರನ್ನು ಸಹಾಯವು ಹುಡುಕಿಕೊಂಡು ಬಾರದು.

ಕಾನೂನು ಬರುವ ತನಕ ಕಾವಲು ನಮ್ಮದೇ. ಅಂಗಡಿ ತೆರೆಯುವವರು ಪಂಚಾಯಿತಿಯ ಪರವಾನಗಿಯನ್ನೂ ಕಲಿತ ಪ್ರಮಾಣಪತ್ರವನ್ನೂ ಜೋಪಾನವಾಗಿಡಲಿ. ಕುರ್ಚಿಯಲ್ಲಿ ಕೂರುವವರು ಹೊಸ ಬ್ಲೇಡನ್ನು ಕಣ್ಣೆದುರಿಗೆ ಬಿಚ್ಚುವಂತೆ ಕೇಳಲಿ, ಡಬ್ಬಿಯ ಹೆಸರನ್ನು ಓದಲಿ. ಸೂಜಿ ಹೊರಬಂದರೆ ಕುರ್ಚಿ ಬಿಟ್ಟು ಏಳಲಿ. ‘ಅದು ನನ್ನ ಕೆಲಸವಲ್ಲ, ವೈದ್ಯರಲ್ಲಿಗೆ ಹೋಗಿ’ ಎನ್ನುವ ಕುಶಲಿಯೇ ತನ್ನ ಕಸುಬನ್ನು ನಿಜವಾಗಿ ಬಲ್ಲವರು.