ಸ್ಟೀರಿಯೋ ಕೊಳ್ಳುವ ಮುನ್ನ ಜೋಡಿ ನೋಡಿ

‘ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆ, ಸ್ಟೀರಿಯೋ ಕೊಡಿಸ್ತೀನಿ’ ಎಂದು ಅಪ್ಪ ಮಾತು ಕೊಟ್ಟಿರುತ್ತಾರೆ. ಫಲಿತಾಂಶ ಬರುತ್ತದೆ. ಹತ್ತಿ ಮಾರಿದ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಟ್ಟು ಅಪ್ಪ, ಮಗ ಶಹಾಪುರದಿಂದಲೋ ಸುರಪುರದಿಂದಲೋ ಯಾದಗಿರಿಯ ಬಸ್ಸು ಹತ್ತುತ್ತಾರೆ. ಒಂದು ಅಂಗಡಿಯಲ್ಲಿ ಆಂಪ್ಲಿಫೈಯರ್, ಇನ್ನೊಂದರಲ್ಲಿ ಸ್ಪೀಕರ್. ಎರಡೂ ಒಳ್ಳೆಯವೇ. ಆದರೆ ಮನೆಗೆ ತಂದು ಜೋಡಿಸಿದ ನಾಲ್ಕೇ ದಿನದಲ್ಲಿ ಸುಟ್ಟ ವಾಸನೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹೊಲಕ್ಕೆ ಮಾತ್ರವಲ್ಲ, ಸ್ಟೀರಿಯೋಗೂ ಸಲ್ಲುತ್ತದೆ. ನೊಗಕ್ಕೆ ಕಟ್ಟುವ ಮುನ್ನ ಜೋಡಿ ನೋಡಬೇಕು.

ಓಮ್ ಸಾಹೇಬರ ಲೆಕ್ಕ

ಸ್ಪೀಕರಿನ ಹಿಂಬದಿಯಲ್ಲಿ 4, 6 ಅಥವಾ 8 ಓಮ್ ಎಂದು ಬರೆದಿರುತ್ತದೆ. ವಿದ್ಯುತ್ ಪ್ರವಾಹಕ್ಕೆ ಸ್ಪೀಕರ್ ಒಡ್ಡುವ ತಡೆ ಇದು. ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಹೈಸ್ಕೂಲಿನಲ್ಲಿ ಓದಿದವರಿಗೆ ಮುಂದಿನದು ಸುಲಭ. ಆಂಪ್ಲಿಫೈಯರ್ 16 ವೋಲ್ಟ್ ಕೊಡುತ್ತಿದೆ ಎನ್ನೋಣ. 8 ಓಮ್ ಸ್ಪೀಕರ್ ಕಟ್ಟಿದರೆ ಹರಿಯುವುದು 2 ಆಂಪಿಯರ್, ಶಕ್ತಿ 32 ವ್ಯಾಟ್. 4 ಓಮ್ ಕಟ್ಟಿದರೆ 4 ಆಂಪಿಯರ್, 64 ವ್ಯಾಟ್. 2 ಓಮ್‌ಗೆ ಇಳಿದರೆ 8 ಆಂಪಿಯರ್! ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರಿನ ಹೆಗಲ ಮೇಲಿನ ಭಾರ ಹೆಚ್ಚು.

ಮೊದಲ ತಪ್ಪು ಆಗುವುದೇ ಇಲ್ಲಿ. ‘ಇನ್ನೆರಡು ಸ್ಪೀಕರ್ ಸೇರಿಸಿದರೆ ಸದ್ದು ಜಾಸ್ತಿ’ ಎಂದು ಒಂದೇ ತುದಿಗೆ ಎರಡನ್ನು ಪಕ್ಕಪಕ್ಕ ಕಟ್ಟುತ್ತಾರೆ. 8 ಓಮ್‌ನ ಎರಡು ಹೀಗೆ ಕೂಡಿದರೆ 16 ಆಗುವುದಿಲ್ಲ, 4 ಆಗುತ್ತದೆ. 4 ಓಮ್‌ನ ಎರಡು ಕೂಡಿದರೆ 2. ಆಂಪ್ಲಿಫೈಯರಿನ ಮೇಲೆ ‘4ರಿಂದ 8 ಓಮ್’ ಎಂದಿದ್ದರೆ, ಕಟ್ಟಿದ್ದೆಲ್ಲದರ ಒಟ್ಟು ತಡೆ 4ಕ್ಕಿಂತ ಕೆಳಗೆ ಹೋಗಬಾರದು.

ಸಾವಿರ ವ್ಯಾಟಿನ ಮಾಯೆ

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘1000 ವ್ಯಾಟ್ ಪಿಎಂಪಿಒ’ ಎಂದಿರುವುದನ್ನು ಕಂಡು ಮರುಳಾಗಬಾರದು. ಕ್ಷಣಮಾತ್ರದ, ಕಾಗದದ ಮೇಲಿನ ಸಂಖ್ಯೆ ಅದು. ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ನೋಡಬೇಕಾದದ್ದು ‘ಆರ್‌ಎಂಎಸ್’, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಇಂಥ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರುಗಳಿಗೆ ನಿಯಮ ತಂದಿತು. ತಂದೆತಾಯಂದಿರಿಗೆ ಸುಲಭದ ಪರೀಕ್ಷೆಯೊಂದಿದೆ. ಪೆಟ್ಟಿಗೆಯ ಹಿಂದೆ ಅದು ಗೋಡೆಯಿಂದ ಎಳೆಯುವ ವಿದ್ಯುತ್ ಎಷ್ಟೆಂದು ಬರೆದಿರುತ್ತದೆ. 60 ವ್ಯಾಟ್ ಉಣ್ಣುವ ಯಂತ್ರ ಸತತವಾಗಿ ಸಾವಿರ ವ್ಯಾಟ್ ಕೊಡಲು ಸಾಧ್ಯವೇ?

ಮನೆಗೆ ಎಷ್ಟು ಸಾಕು?

ಸ್ಪೀಕರಿನ ಪತ್ರದಲ್ಲಿ ‘87 ಡೆಸಿಬೆಲ್’ ಎಂಬಂಥ ಇನ್ನೊಂದು ಅಂಕಿ ಇರುತ್ತದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಕೇಳುವ ಸದ್ದು ಅದು. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಒಂದೇ ವ್ಯಾಟ್ ಎಷ್ಟು ದೊಡ್ಡದೆಂದು ಇದರಿಂದ ಊಹಿಸಬಹುದು. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿ ಎನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ 30 ವ್ಯಾಟಿನದನ್ನು ಬಿಟ್ಟು 40 ವ್ಯಾಟಿನದಕ್ಕೆ ಹೆಚ್ಚು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಬದಿಗೊಂದರಂತೆ 30 ವ್ಯಾಟ್ ಆರ್‌ಎಂಎಸ್ ಧಾರಾಳ.

ಸ್ಪೀಕರ್ ತಾಳುವ ವ್ಯಾಟ್ ಆಂಪ್ಲಿಫೈಯರಿನಷ್ಟೇ ಅಥವಾ ಸ್ವಲ್ಪ ಹೆಚ್ಚಿದ್ದರೆ ಒಳಿತು. ಹಾಗೆಂದು ಸಣ್ಣ ಆಂಪ್ಲಿಫೈಯರ್ ಯಾವಾಗಲೂ ನಿರಪಾಯವಲ್ಲ. ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಅದರ ಅಲೆಗಳ ತಲೆ ಕತ್ತರಿಸಿದಂತಾಗಿ ದನಿ ಒಡೆಯುತ್ತದೆ. ಆ ಒಡಕು ಮುಂದುವರಿದರೆ ಮೊದಲು ಸುಡುವುದು ತಾರಸ್ವರ ನುಡಿಸುವ ಪುಟ್ಟ ಟ್ವೀಟರಿನ ಸುರುಳಿ. ದನಿ ಒರಟಾದೊಡನೆ ಗುಂಡಿ ಇಳಿಸಬೇಕು.

ಜಾತ್ರೆಯ ಹಾರ್ನ್ ಮನೆಗಲ್ಲ

ಸಂಕ್ರಾಂತಿಯ ಮೈಲಾಪುರ ಮಲ್ಲಯ್ಯನ ಜಾತ್ರೆಗೋ ತಿಂಥಣಿ ಮೌನೇಶ್ವರನ ಜಾತ್ರೆಗೋ ಹೋದವರು ಕಂಬಕ್ಕೆ ಕಟ್ಟಿದ ಹಾರ್ನ್ ನೋಡಿಯೇ ಇರುತ್ತಾರೆ. ಮೈಕ್‌ಸೆಟ್ಟಿನ ಆಂಪ್ಲಿಫೈಯರುಗಳಲ್ಲಿ ‘100 ವೋಲ್ಟ್’ ಎಂಬ ತುದಿಯೊಂದಿರುತ್ತದೆ. ಉದ್ದನೆಯ ತಂತಿಯಲ್ಲಿ ಶಕ್ತಿ ಸೋರದಿರಲೆಂದು ವೋಲ್ಟ್ ಏರಿಸಿ ಪ್ರವಾಹ ತಗ್ಗಿಸುವ ಉಪಾಯ ಅದು. ಊರಿಂದೂರಿಗೆ ವಿದ್ಯುತ್ ಸಾಗಿಸುವುದೂ ಹೀಗೆಯೇ. ಇಂಥ ಸಾಲಿಗೆಂದು ಟ್ರಾನ್ಸ್‌ಫಾರ್ಮರ್ ಕೂಡಿಸಿದ 10 ವ್ಯಾಟಿನ ಹಾರ್ನ್ 1000 ಓಮ್‌ನಂತೆ ಕಾಣುತ್ತದೆ. ಮನೆಯ 16 ವೋಲ್ಟಿಗೆ ಕಟ್ಟಿದರೆ ಅದಕ್ಕೆ ಸಿಗುವುದು ಕಾಲು ವ್ಯಾಟ್. ತಿರುಗುಮುರುಗಾಗಿ, ಮನೆಯ 8 ಓಮ್ ಸ್ಪೀಕರನ್ನು ಆ 100 ವೋಲ್ಟಿನ ತುದಿಗೆ ಕಟ್ಟಿದರೆ ಅದು ಕೇಳುವುದು 1250 ವ್ಯಾಟ್! ಸ್ಪೀಕರ್ ಹೋಗುತ್ತದೆ, ಜೊತೆಗೆ ಆಂಪ್ಲಿಫೈಯರೂ ಹೋಗಬಹುದು.

ಜೋಡಿಸುವಾಗ

ಹಳೆಯ ಸ್ಪೀಕರಿನ ಮೇಲೆ ಅಂಕಿ ಅಳಿಸಿದ್ದರೆ ಮಲ್ಟಿಮೀಟರ್ ಹಿಡಿದು ನೋಡಿ. ಆರೇಳು ಓಮ್ ತೋರಿಸಿದರೆ ಅದು 8ರದ್ದು, ಮೂರು ಚಿಲ್ಲರೆ ಎಂದರೆ 4ರದ್ದು. ತಂತಿ ಕಟ್ಟುವಾಗ ಆಂಪ್ಲಿಫೈಯರ್ ಆರಿಸಿರಲಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಬದಿ ಅದಲುಬದಲಾದರೂ ತಬಲಾದ ಡಗ್ಗದ ಗುಮುಕು ಮಾಯವಾಗುತ್ತದೆ. ಈ ಭಾಗದ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಹಲವೆಡೆ ಗೋಡೆಯೂ ಕಲ್ಲಿನದೇ. ದನಿ ಪುಟಿದು ಗೊಜಗೊಜ ಎನ್ನುತ್ತದೆ. ಅದಕ್ಕೆ ಹೊಸ ಆಂಪ್ಲಿಫೈಯರ್ ಬೇಡ. ನೆಲಕ್ಕೊಂದು ಜಮಖಾನೆ ಹಾಸಿ, ಎದುರು ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿದರೆ ಸಾಕು.

ಬ್ಲೂಟೂತ್ ಸ್ಪೀಕರಿನಲ್ಲಿ ಆಂಪ್ಲಿಫೈಯರ್ ಒಳಗೇ ಇರುವುದರಿಂದ ಈ ಜೋಡಿಯ ತಾಪತ್ರಯವಿಲ್ಲ, ನಿಜ. ಬಿಡಿಬಿಡಿಯಾಗಿ ಕೊಂಡರೆ ಒಂದು ಕೆಟ್ಟಾಗ ಅದನ್ನಷ್ಟೇ ಬದಲಿಸಬಹುದು, ಪಠ್ಯದ ಭೌತಶಾಸ್ತ್ರವೂ ಕೈಗೆ ಸಿಗುತ್ತದೆ. ಅಂಗಡಿಗೆ ಹೋಗುವಾಗ ಚೆನ್ನಾಗಿ ಪರಿಚಯವಿರುವ ಒಂದು ತತ್ವಪದವನ್ನೋ ಹಾಡನ್ನೋ ಒಯ್ದು ಅಲ್ಲೇ ಕೇಳಿ. ಓಮ್, ಆರ್‌ಎಂಎಸ್, ಡೆಸಿಬೆಲ್ ಮೂರನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿ ಮಗನ ಕೈಯಲ್ಲಿರಲಿ, ದುಡ್ಡು ಅಪ್ಪನ ಜೇಬಿನಲ್ಲಿರಲಿ. ಮೂರೂ ಹೊಂದಿದ ಮೇಲೆ ಜೇಬಿಗೆ ಕೈ ಹಾಕಿದರಾಯಿತು.