ಮನೆಯ ಲೆಕ್ಕವೂ ದುಡಿಮೆಯ ಬಿಡುವೂ

ನಿವೃತ್ತಿಯೆಂದೊಡನೆ ನಮ್ಮ ನೆನಪಿಗೆ ಬರುವುದು ಅರವತ್ತು ತುಂಬಿದ ಸರ್ಕಾರಿ ನೌಕರರ ಬೀಳ್ಕೊಡುಗೆ, ಹಾರ, ಶಾಲು, ಫಲತಾಂಬೂಲ. ಹೊಲದಲ್ಲಿ ದುಡಿಯುವವನಿಗೆ ಇಂಥ ದಿನವೊಂದು ಗೊತ್ತಾಗಿಲ್ಲ. ಚುಂಚನಕಟ್ಟೆಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಕೈಕಾಲು ಆಡುವವರೆಗೆ ಗೇಮೆ, ಅವು ಸೋತ ಮೇಲೆ ಮಕ್ಕಳ ಆಶ್ರಯ ಎಂಬುದೇ ರೂಢಿ. ಆದರೆ ನಿವೃತ್ತಿಯನ್ನು ವಯಸ್ಸಿನಿಂದ ಅಳೆಯದೆ ಲೆಕ್ಕದಿಂದ ಅಳೆಯುವ ವಿಚಾರವೊಂದು ಈಚಿನ ದಶಕಗಳಲ್ಲಿ ಪ್ರಪಂಚದ ಹಲವೆಡೆ ಹಬ್ಬಿದೆ. ಅದು ನಮ್ಮಂಥ ಮನೆಗಳಿಗೆ ಎಷ್ಟರಮಟ್ಟಿಗೆ ಒಗ್ಗೀತೆಂದು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ಲೆಕ್ಕವನ್ನು ಮೊದಲು ನಮ್ಮ ಮನೆಗೇ ಹಚ್ಚಿ ನೋಡಿದೆನು.

ವಿಕಿ ರಾಬಿನ್ ಮತ್ತು ಜೋ ಡಾಮಿಂಗೆಜ಼್ ಎಂಬ ಅಮೆರಿಕದ ಇಬ್ಬರು ಲೇಖಕರು 1992ರಲ್ಲಿ ‘ಯುವರ್ ಮನಿ ಆರ್ ಯುವರ್ ಲೈಫ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಪ್ರತಿ ತಿಂಗಳ ಆದಾಯವನ್ನು ಒಂದು ಗೆರೆಯಾಗಿಯೂ ಖರ್ಚನ್ನು ಇನ್ನೊಂದು ಗೆರೆಯಾಗಿಯೂ ಎಳೆಯುತ್ತ ಹೋಗಬೇಕೆಂಬುದು ಅವರ ಸಲಹೆ. ಕೂಡಿಟ್ಟ ಹಣದಿಂದ ಬರುವ ಬಡ್ಡಿ ಮೂರನೆಯ ಗೆರೆ. ಈ ಮೂರನೆಯದು ಖರ್ಚಿನ ಗೆರೆಯನ್ನು ದಾಟಿ ಮೇಲೆ ಹೋದ ದಿನ ಆ ಮನುಷ್ಯ ಹೊಟ್ಟೆಪಾಡಿಗಾಗಿ ದುಡಿಯಬೇಕಾಗಿಲ್ಲ. ಅವನಿಗೆ ಆಗ ನಲವತ್ತಾಗಿರಲಿ, ಎಪ್ಪತ್ತಾಗಿರಲಿ.

ಇಲ್ಲಿ ಮುಖ್ಯವಾದುದು ಆದಾಯವಲ್ಲ, ಖರ್ಚು. ಬಡ್ಡಿಯನ್ನು ಬಿಟ್ಟು ಸರಳವಾಗಿ ಯೋಚಿಸೋಣ. ನೂರರಲ್ಲಿ ಹತ್ತು ರೂಪಾಯಿ ಉಳಿಸುವವನು ಒಂದು ವರ್ಷ ಕೂತು ಉಣ್ಣಬೇಕಾದರೆ ಒಂಬತ್ತು ವರ್ಷ ದುಡಿಯಬೇಕು. ಇಪ್ಪತ್ತೈದು ಉಳಿಸುವವನಿಗೆ ಮೂರು ವರ್ಷ ಸಾಕು. ಐವತ್ತು ಉಳಿಸುವವನಿಗೆ ಒಂದೇ. ಖರ್ಚು ಕಡಮೆಯಾದಾಗ ಉಳಿತಾಯ ಹೆಚ್ಚುವುದಲ್ಲದೆ ಮುಂದೆ ಬೇಕಾಗುವ ಮೊತ್ತವೂ ಇಳಿಯುತ್ತದೆ. ಸಂಬಳ ಏರುವುದರಿಂದ ಈ ಎರಡನೆಯ ಲಾಭ ಇಲ್ಲ.

ಒಟ್ಟು ಎಷ್ಟು ಕೂಡಿರಬೇಕು? ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರರು 1994ರಲ್ಲಿ ತಮ್ಮ ದೇಶದ ಷೇರು ಮತ್ತು ಸಾಲಪತ್ರಗಳ ಹಿಂದಿನ ಅಂಕಿಗಳನ್ನು ಪರಿಶೀಲಿಸಿ, ಮೊದಲ ವರ್ಷ ನೂರಕ್ಕೆ ನಾಲ್ಕರಂತೆ ತೆಗೆದು, ಅನಂತರ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿಕೊಂಡರೂ ಗಂಟು ಮೂವತ್ತು ವರ್ಷ ಬಾಳುತ್ತದೆಂದು ತೋರಿಸಿದರು. ವರ್ಷದ ಖರ್ಚಿನ 25 ಪಾಲು ಎಂಬ ಸೂತ್ರ ಹುಟ್ಟಿದ್ದು ಇದರಿಂದ. ಇದನ್ನು ನಮ್ಮ ದೇಶಕ್ಕೆ ಹಾಗೆಯೇ ತರಲಾಗದು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಖರ್ಚು ಇಮ್ಮಡಿಯಾಗುತ್ತದೆ. ನಲವತ್ತೈದಕ್ಕೇ ದುಡಿಮೆ ಬಿಟ್ಟವನಿಗೆ ಮೂವತ್ತು ವರ್ಷವೂ ಸಾಲದೆ ಹೋಗಬಹುದು. ಆದರೂ ಅಂದಾಜಿಗೆ ಈ ಸೂತ್ರ ಒಳ್ಳೆಯದು. ತಿಂಗಳಿಗೆ 1,000 ರೂಪಾಯಿಯ ಒಂದು ಅಭ್ಯಾಸವನ್ನು ಸಾಕಲು 3 ಲಕ್ಷ ರೂಪಾಯಿಯ ಗಂಟು ಬೇಕೆಂದು ಇದು ಹೇಳುತ್ತದೆ. ಕ್ಯಾಂಟೀನಿನ ಮಿತ್ರರು ಇದನ್ನು ಗಮನಿಸಬೇಕು.

ನಮ್ಮವರಿಗೆ ಲೆಕ್ಕ ಬರೆಯುವ ಅಭ್ಯಾಸವಿಲ್ಲವೆಂದು ಕೆಲವರು ಆಕ್ಷೇಪಿಸುವುದುಂಟು. ಜಪಾನಿನಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲಿಯೇ ಗೃಹಿಣಿಯರಿಗಾಗಿ ‘ಕಾಕೆಬೊ’ ಎಂಬ ಮನೆಲೆಕ್ಕದ ಪುಸ್ತಕವನ್ನು ಹೊರತಂದರು, ನಿಜ. ಆದರೆ ನಮ್ಮ ಮದುವೆಮನೆಗಳ ಮುಯ್ಯಿ ಪುಸ್ತಕವನ್ನು ನೋಡಿದವರು ಈ ಆಕ್ಷೇಪಣೆಯನ್ನು ಒಪ್ಪಲಾರರು. ಯಾರ ಮನೆಯಿಂದ ಎಷ್ಟು ಬಂತೆಂಬುದು ಇಪ್ಪತ್ತು ವರ್ಷದ ಮೇಲೂ ಅದರಲ್ಲಿ ಸಿಕ್ಕುತ್ತದೆ. ನಾವು ಬರೆಯದಿರುವುದು ನಮ್ಮದೇ ಒಲೆಯ ಲೆಕ್ಕವನ್ನು.

ಅದಕ್ಕೆ ಕಾರಣವೂ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಬೇಸಾಯಗಾರನಿಗೆ ಹಾಸಿಗೆಯ ಉದ್ದವೇ ತಿಳಿಯದು. ಭತ್ತದ ಹಣ ಒಮ್ಮೆ. ಕಬ್ಬಿನ ಹಣ 14 ದಿನಗಳೊಳಗೆ ಬರಬೇಕೆಂದು ಕಾನೂನಿದ್ದರೂ ಬಂದಾಗ ಬಂತು. ಪಿರಿಯಾಪಟ್ಟಣ, ಹುಣಸೂರು ಕಡೆಯ ನೆಂಟರಿಗೆ ಹೊಗೆಸೊಪ್ಪಿನ ಹರಾಜಾದಾಗ. ಸಂಬಳದಂತೆ ತಪ್ಪದೆ ಬರುವುದು ಹಾಲಿನ ಡೈರಿಯ ಬಟವಾಡೆಯೊಂದೇ. ಜನವರಿಯ ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಂಡ ತಿಂಗಳ ಲೆಕ್ಕವನ್ನಷ್ಟೇ ನೋಡಿದರೆ ಮನೆ ಮುಳುಗಿತೆನಿಸುತ್ತದೆ. ಆದಕಾರಣ ಖರ್ಚನ್ನು ತಿಂಗಳಿಗೊಮ್ಮೆ ಬರೆದು, ಒಟ್ಟು ಲೆಕ್ಕವನ್ನು ಯುಗಾದಿಯಿಂದ ಯುಗಾದಿಗೆ ಹಿಡಿದು ಹನ್ನೆರಡರಿಂದ ಭಾಗಿಸುವುದೇ ನಮಗೆ ಸರಿಯಾದ ಕ್ರಮ. ಗೊಬ್ಬರ, ಉಳುಮೆ, ಬೆಳೆಸಾಲ, ಎತ್ತುಗಳದ್ದು ಬೇರೆ ಪುಟ. ಮನೆಯಲ್ಲೇ ಬೆಳೆದು ಉಂಡ ಅಕ್ಕಿ, ರಾಗಿ, ಹಾಲನ್ನು ಮಾರಿದ್ದರೆ ಸಿಕ್ಕುತ್ತಿದ್ದ ಬೆಲೆಗೆ ಹಿಡಿದು ಆದಾಯಕ್ಕೂ ಖರ್ಚಿಗೂ ಸೇರಿಸಬೇಕು.

ಹೀಗೆ ಒಂದು ವರ್ಷ ಬರೆದಾಗ ನಮ್ಮ ನಾಲ್ಕು ಜನರ ಮನೆಯ ಖರ್ಚು 2,04,000 ರೂಪಾಯಿಯಾಯಿತು. ದಿನಬಳಕೆಗೆ 1,02,000, ಮನೆಯ ದವಸ, ಹಾಲು 36,000, ಮುಯ್ಯಿ, ಹಬ್ಬ, ಜಾತ್ರೆ 26,000, ಅಜ್ಜಿಯ ಔಷಧಿ ಮತ್ತು ತಂದೆಯವರ ಮಂಡಿನೋವಿಗೆ 22,000, ನನ್ನ ಓದಿಗೆ 18,000. ಬೇಸಾಯದ ಖರ್ಚು ಕಳೆದು ಉಳಿದುದು, ಡೈರಿ, ತಂದೆಯವರು ಬೇಸಿಗೆಯಲ್ಲಿ ಮಾಡುವ ಕೂಲಿಯ 30,000, ಎಲ್ಲ ಕೂಡಿ ಆದಾಯ 2,18,000. ಮಿಕ್ಕಿದ್ದು 14,000. ಎಂದರೆ ಒಂದು ವರ್ಷದ ಬಿಡುವಿಗೆ ಹದಿನಾಲ್ಕೂವರೆ ವರ್ಷದ ದುಡಿಮೆ. ನಮ್ಮ ತಂದೆಯವರಿಗೆ ಈಗ 52 ವರ್ಷ. “ಪಿಂಚಣಿ ಅನ್ನೋದು ಆಪೀಸಿನೋರಿಗೆ ಕಣಪ್ಪ, ಗೇಯೋರಿಗೆಲ್ಲಿ?” ಎಂದು ಅವರು ನಕ್ಕರು.

ಆಪೀಸಿನವರ ಸ್ಥಿತಿಯೂ ಮೊದಲಿನಂತಿಲ್ಲವೆಂಬುದು ನಮ್ಮ ಅಧ್ಯಾಪಕರಿಗೆ ತಿಳಿದೇ ಇದೆ. 1-4-2006ರಿಂದ ರಾಜ್ಯ ಸೇವೆಗೆ ಸೇರಿದವರಿಗೆ ಸರ್ಕಾರವು ಸಂಬಳದಿಂದ ವಂತಿಗೆ ಕಟ್ಟುವ ಹೊಸ ಪಿಂಚಣಿ ಪದ್ಧತಿಯನ್ನು ತಂದಿತು. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆ ಅಸಂಘಟಿತರಿಗಾಗಿಯೇ ಇದೆ. ಆದರೆ ಸೇರಲು ವಯಸ್ಸು 18ರಿಂದ 40. ನಾನು ಸೇರಬಹುದು, ಅವರಿಗೆ ಕಾಲ ಮೀರಿದೆ.

ಜಮೀನಿದೆಯಲ್ಲ, ಅದೇ ಗಂಟಲ್ಲವೆ ಎಂದು ಕೇಳಬಹುದು. ಆದರೆ ಭೂಸುಧಾರಣೆ ಕಾನೂನಿಗೆ 1974ರಲ್ಲಿ ಬಂದ ತಿದ್ದುಪಡಿಯು ಗೇಣಿಯನ್ನು ನಿಷೇಧಿಸಿತು. ಉಳುವವನಿಗೆ ಭೂಮಿ ದೊರಕಿಸಿದ ಆ ಕಾನೂನು ನಮ್ಮಂಥವರಿಗೆ ಮಾಡಿದ ಉಪಕಾರ ದೊಡ್ಡದು. ನಮ್ಮ ಎರಡೆಕರೆಯೂ ಹಾಗೆ ಬಂದುದೇ. ಆದರೆ ಉಳುವವನು ಮುದುಕನಾದಾಗ ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಬಾಯಿಮಾತಿನ ಮೇಲೆ ವಾರಕ್ಕೆ ಕೊಡುವುದೊಂದೇ ದಾರಿ, ಅದಕ್ಕೆ ತಂದೆಯವರ ಮನಸ್ಸು ಒಪ್ಪದು.

ಆದುದರಿಂದ ಪೂರ್ಣ ನಿವೃತ್ತಿಯನ್ನು ಬದಿಗಿಟ್ಟು, ಯಾವ ದುಡಿಮೆಯನ್ನು ಮೊದಲು ಬಿಡಬಹುದೆಂದು ಲೆಕ್ಕವನ್ನು ಕೇಳಿದೆನು. ಉತ್ತರ ಸ್ಪಷ್ಟವಾಗಿಯೇ ಇತ್ತು. ಬೇಸಿಗೆಯ ಕೂಲಿಯ 30,000ದಲ್ಲಿ 18,000 ನನ್ನ ಓದಿಗೆ ಹೋಗುತ್ತಿತ್ತು. ನನ್ನ ಪರೀಕ್ಷೆ ಮುಗಿದರೆ ಉಳಿತಾಯ 32,000ಕ್ಕೆ ಏರಿ, ಹದಿನಾಲ್ಕೂವರೆ ವರ್ಷವೆಂಬುದು ಆರಕ್ಕಿಂತ ಕೆಳಗಿಳಿಯುತ್ತದೆ. ಕೂಲಿಯನ್ನು ಪೂರ್ತಿ ಬಿಟ್ಟರೂ ಮನೆ ಸಾಲಕ್ಕೆ ಬೀಳದು, 2,000 ಮಿಗುತ್ತದೆ. ನನಗೆ ಎಂಥ ಚಿಕ್ಕ ಕೆಲಸ ಸಿಕ್ಕಿದರೂ ತಿಂಗಳಿಗೆ 2,500ರಂತೆ ಮನೆಗೆ ಕೊಟ್ಟೆನಾದರೆ ಆ 32,000ವೂ ಹಾಗೆಯೇ ಉಳಿಯುತ್ತದೆ. ಈ ಪುಟವನ್ನು ತಂದೆಯವರಿಗೆ ಓದಿ ಹೇಳಿದೆನು. ಅವರು ಅಜ್ಜಿಯ ಔಷಧಿಯ ಮೊತ್ತವನ್ನು ಎರಡು ಸಲ ಓದಿಸಿಕೊಂಡು, “ಮಳೆಗಾಲ ಕಳೀಲಿ, ನೋಡಾನ” ಎಂದರು. ಬರುವ ಯುಗಾದಿಗೆ ಹೊಸ ಪುಸ್ತಕ ತಂದಿಟ್ಟಿದ್ದೇನೆ.